ಸ್ವರ ತಪ್ಪುವುದಿಲ್ಲ, ಆದರೂ ಭಾವ ಕೇಳಿಸುವುದಿಲ್ಲ: ಹಾರ್ಮೋನಿಯಂನಿಂದ ಪಿಯಾನೊಗೆ ಬಂದ ಕೈಗೆ ಕೆಲವು ಮಾತು

ಪ್ರಶ್ನೆ: ನಮಸ್ಕಾರ. ನಾನು ಹೊನ್ನಾವರದ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ತವರು ಶಿರಸಿ ಕಡೆಯದು. ಚಿಕ್ಕಂದಿನಲ್ಲಿ ಊರಿನ ಗುರುಗಳ ಹತ್ತಿರ ಹಾರ್ಮೋನಿಯಂ ಕಲಿತಿದ್ದೆ. ಭಜನೆಗೆ, ಹಿಂದೂಸ್ತಾನಿ ಗಾಯನಕ್ಕೆ ಸಾಥ್ ಕೊಡುವಷ್ಟು ಕೈ ಪಳಗಿತ್ತು. ಮಗಳಿಗೆಂದು ತಂದ 88 ಕೀಗಳ ಡಿಜಿಟಲ್ ಪಿಯಾನೊವನ್ನು ಈಗ ನಾನೇ ಹೆಚ್ಚು ನುಡಿಸುತ್ತೇನೆ, ಆನ್‌ಲೈನ್‌ನಲ್ಲಿ ಪಾಠವೂ ನಡೆಯುತ್ತಿದೆ. ಕಳೆದ ಪರೀಕ್ಷೆಯಲ್ಲಿ ಪಾಸಾದೆ. ಆದರೆ 'ಸ್ವರಗಳು ಮತ್ತು ಲಯ ನಿಖರವಾಗಿವೆ, ಫ್ರೇಸ್‌ಗಳಿಗೆ (ಸ್ವರವಾಕ್ಯಗಳಿಗೆ) ಆಕಾರವಿಲ್ಲ, ದನಿಯಲ್ಲಿ ಏರಿಳಿತ ಕಡಿಮೆ' ಎಂದು ಪರೀಕ್ಷಕರು ಬರೆದಿದ್ದಾರೆ. ಗುರುಗಳು 'ಭಾವಿಸಿ ನುಡಿಸಿ' ಎನ್ನುತ್ತಾರೆ. ನಾನು ಭಾವಿಸುತ್ತಲೇ ಇದ್ದೇನೆ, ಕೇಳುವವರಿಗೆ ಮಾತ್ರ ಅದು ತಲುಪುತ್ತಿಲ್ಲ. ಜಿ ಮೇಜರ್ ಮಿನುಯೆಟ್ ಎಂಬ ನೃತ್ಯಗತಿಯ ಪುಟ್ಟ ಕೃತಿ ನುಡಿಸಿದರೆ ಅಕ್ಷರ ಕೂಡಿಸಿ ಓದಿದ ಹಾಗಿದೆ ಎಂದು ಮಾವನವರು ಹೇಳಿದರು. ಈಗ ಸಂಗೀತರಚನಕಾರ ಶೋಪಾನ್‌ನ ಇ ಮೈನರ್ ಪ್ರೆಲ್ಯೂಡ್ ಎಂಬ ಪುಟ್ಟ ಪಿಯಾನೊ ಕೃತಿ ಹಿಡಿದಿದ್ದೇನೆ. ಅದೂ ಹಾಗೇ ಆಗುತ್ತಿದೆ. ಭಾವ ಎನ್ನುವುದು ಹುಟ್ಟಿನಿಂದ ಬರಬೇಕೇ? ದೊಡ್ಡ ಕಲಾವಿದರ ಧ್ವನಿಮುದ್ರಣವನ್ನು ಅನುಕರಿಸಬಹುದೇ? ಅಥವಾ ತಪ್ಪು ಡಿಜಿಟಲ್ ವಾದ್ಯದ್ದೋ, ನಿಜವಾದ ಪಿಯಾನೊ ಕೊಳ್ಳಬೇಕೋ?

ಉತ್ತರ: ನಿಮ್ಮ ಆತಂಕ ಒಂದೇ ಆದರೂ ಅದರೊಳಗೆ ಬೇರೆ ಬೇರೆ ಪ್ರಶ್ನೆಗಳು ಹೆಣೆದುಕೊಂಡಿವೆ: ಕೊರತೆ ನಿಮ್ಮ ಮನಸ್ಸಿನಲ್ಲಿದೆಯೇ, ಕೈಯಲ್ಲಿದೆಯೇ, ವಾದ್ಯದಲ್ಲಿದೆಯೇ ಎಂಬುದನ್ನು ಬಿಡಿಸಿಕೊಳ್ಳದೆ 'ಇನ್ನಷ್ಟು ಭಾವಿಸುವ' ಪ್ರಯತ್ನ ಮಾಡಿದರೆ ದಣಿವಷ್ಟೇ ಉಳಿಯುತ್ತದೆ. ನಿಮ್ಮ ಪತ್ರವನ್ನು ಓದಿದಾಗ, ಕಾರವಾರದಿಂದ ಭಟ್ಕಳದವರೆಗೂ ಘಟ್ಟದ ಮೇಲಿನಿಂದಲೂ ನನ್ನ ಬಳಿ ಪಿಯಾನೊ ಕಲಿಯಲು ಬಂದ ಹಲವು ವಯಸ್ಕರಲ್ಲಿ ಕಂಡದ್ದೇ ಇಲ್ಲಿಯೂ ಕಾಣುತ್ತಿದೆ. ನಿಮ್ಮ ಮನಸ್ಸಿನಲ್ಲಿ ಕೊರತೆಯಿಲ್ಲ. ನಿಮ್ಮ ಬೆರಳುಗಳು ಇನ್ನೂ ಹಾರ್ಮೋನಿಯಂ ನುಡಿಸುತ್ತಿವೆ.

ಹುಟ್ಟಿನಿಂದ ಬರಬೇಕೇ ಎಂಬ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಗಾಯಕರ ಪಕ್ಕದಲ್ಲಿ ಕೂತು ಸಾಥ್ ಕೊಟ್ಟವರಿಗೆ ಸ್ವರವೊಂದು ಎಲ್ಲಿ ಭಾರವಾಗುತ್ತದೆ, ಆಲಾಪದ ಒಂದು ಉಸಿರು ಎಲ್ಲಿ ಮುಗಿಯುತ್ತದೆ, ಸಮಕ್ಕೆ ಬರುವ ಮುಂಚೆ ಎಲ್ಲಿ ಬಿಗಿ ಹೆಚ್ಚುತ್ತದೆ ಎಂಬುದು ಗೊತ್ತಿರುತ್ತದೆ. ಅದೇ ಸಂಗೀತದ ಭಾವಜ್ಞಾನ, ಅದು ನಿಮ್ಮಲ್ಲಿ ಆಗಲೇ ಇದೆ. ಮನಸ್ಸಿನಲ್ಲಿರುವುದು ದನಿಯಾಗಬೇಕಾದರೆ ಅದು ವಾದ್ಯದ ಯಂತ್ರವನ್ನು ಹಾದುಹೋಗಬೇಕು, ಪಿಯಾನೊದ ಯಂತ್ರವಾದರೋ ಹಾರ್ಮೋನಿಯಂನ ಯಂತ್ರಕ್ಕಿಂತ ತೀರ ಬೇರೆಯದು. ನುಡಿಸುವವರು ಮನಸ್ಸಿನಲ್ಲಿ ಅನುಭವಿಸಿದ್ದು ತಾನಾಗಿ ಕೀಗೆ ಇಳಿಯುತ್ತದೆ ಎನ್ನುವುದೊಂದು ನಂಬಿಕೆಯಷ್ಟೇ. ಅದನ್ನು ನಂಬಿ ವರ್ಷಗಟ್ಟಲೆ ಕಾದವರನ್ನು ನೋಡಿದ್ದೇನೆ, ಪ್ರಯೋಜನವಾದದ್ದನ್ನು ನೋಡಿಲ್ಲ.

ಹಾರ್ಮೋನಿಯಂನಲ್ಲಿ ಕೀ ಒತ್ತಿದಾಗ ಗಾಳಿಯ ದಾರಿ ತೆರೆದುಕೊಂಡು ರೀಡು ನುಡಿಯುತ್ತದೆ. ದನಿಯ ಜೋರು ಎಡಗೈ ತಿದಿಯನ್ನು ಹೇಗೆ ಒತ್ತುತ್ತದೆ ಎಂಬುದರ ಮೇಲೆ ನಿಂತಿದೆ. ಬಲಗೈ ಬೆರಳು ಕೀಯನ್ನು ನಿಧಾನವಾಗಿ ಒತ್ತಲಿ, ರಭಸದಿಂದ ಒತ್ತಲಿ, ದನಿ ಅಷ್ಟೇ. ಆದ್ದರಿಂದ ಒಳ್ಳೆಯ ಹಾರ್ಮೋನಿಯಂ ಕೈಗೆ ಎಲ್ಲ ಬೆರಳುಗಳೂ ಒಂದೇ ಸಮನೆ, ಹಗುರವಾಗಿ, ಅಂಟಿಕೊಂಡಂತೆ ಚಲಿಸುವುದೇ ಗುಣ. ಭಾವವನ್ನೆಲ್ಲ ತಿದಿ ನೋಡಿಕೊಳ್ಳುತ್ತದೆ. ಪಿಯಾನೊದಲ್ಲಿ ತಿದಿ ಇಲ್ಲ. ಕೀ ಸುಮಾರು 10 ಮಿಲಿಮೀಟರ್ ಕೆಳಗಿಳಿಯುತ್ತದೆ, ಆ ಸಣ್ಣ ಹಾದಿಯಲ್ಲಿ ಅದು ಫೆಲ್ಟ್ ಹೊದಿಸಿದ ಸುತ್ತಿಗೆಯೊಂದನ್ನು ತಂತಿಯತ್ತ ಎಸೆಯುತ್ತದೆ. ತಂತಿಗೆ ಇನ್ನೊಂದೆರಡು ಮಿಲಿಮೀಟರ್ ಇರುವಾಗಲೇ ಸುತ್ತಿಗೆ ಕೀಯ ಹಿಡಿತದಿಂದ ಬಿಡಿಸಿಕೊಂಡು ತನ್ನ ಪಾಡಿಗೆ ಹಾರಿ ಹೋಗಿ ಬಡಿಯುತ್ತದೆ. ಆ ಬಳಿಕ ನೀವು ಕೀಯನ್ನು ಎಷ್ಟು ಒತ್ತಿ ಹಿಡಿದರೂ, ಬೆರಳನ್ನು ಎಷ್ಟು ಕಂಪಿಸಿದರೂ ಆ ಸ್ವರ ಬದಲಾಗುವುದಿಲ್ಲ. ಅದನ್ನು ಎಷ್ಟು ಹೊತ್ತು ಉಳಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದಷ್ಟೇ ನಿಮ್ಮ ಕೈಯಲ್ಲಿ ಉಳಿಯುತ್ತದೆ. 1700ರ ಆಸುಪಾಸಿನಲ್ಲಿ ಫ್ಲಾರೆನ್ಸ್‌ನ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಈ ವಾದ್ಯವನ್ನು ಕಟ್ಟಿದಾಗ ಅದರ ಹೊಸತನ ಇದ್ದದ್ದೇ ಇಲ್ಲಿ: ಕೀ ಇಳಿಯುವ ವೇಗದಿಂದಲೇ ಒಂದೊಂದು ಸ್ವರವನ್ನೂ ಬೇಕಾದಷ್ಟು ಮೆಲ್ಲಗೆ ಅಥವಾ ಜೋರಾಗಿ ನುಡಿಸಬಹುದಾಯಿತು.

ಹಾಗಾದರೆ ಹಾರ್ಮೋನಿಯಂನಲ್ಲಿ ಎಡಗೈಯೊಂದೇ ಮಾಡುತ್ತಿದ್ದ ಕೆಲಸವನ್ನು ಪಿಯಾನೊದಲ್ಲಿ ಹತ್ತು ಬೆರಳುಗಳೂ ಹಂಚಿಕೊಂಡು, ಪ್ರತಿಯೊಂದು ಸ್ವರಕ್ಕೂ ಬೇರೆ ಬೇರೆಯಾಗಿ ಮಾಡಬೇಕು. ನಿಮ್ಮ ಬೆರಳುಗಳ ಸಮತೆಯನ್ನು ಪರೀಕ್ಷಕರು 'ಏರಿಳಿತ ಕಡಿಮೆ' ಎಂದು ಕೇಳಿಸಿಕೊಂಡಿದ್ದಾರೆ. ಇದನ್ನು ಪರೀಕ್ಷಿಸಿ ನೋಡುವುದು ಸುಲಭ. ಬಲಗೈಯ ಐದು ಬೆರಳುಗಳನ್ನು ಸಿ ಇಂದ ಜಿ ವರೆಗಿನ ಐದು ಬಿಳಿ ಕೀಗಳ ಮೇಲಿಟ್ಟು, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಹೆಬ್ಬೆರಳಿನಿಂದ ಆರಂಭಿಸಿ, ಒಂದೊಂದು ಬೆರಳಿಗೂ ಒಂದೊಂದು ಮೆಟ್ಟಿಲು ಹೆಚ್ಚಿಸುತ್ತ ಕಿರುಬೆರಳಿಗೆ ಬರುವಾಗ ಜೋರಾಗಬೇಕು, ಮತ್ತೆ ಅದೇ ಮೆಟ್ಟಿಲುಗಳಲ್ಲಿ ಇಳಿಯಬೇಕು. ಹೆಚ್ಚಿನವರಿಗೆ ಮೊದಲ ಸಲ ಕೇಳಿಸುವುದು ಎರಡೇ ಮಟ್ಟ, ಜೋರು ಮತ್ತು ಮೆಲ್ಲಗೆ. ನಡುವಿನ ಮೆಟ್ಟಿಲುಗಳು ಬೆರಳಿಗೆ ಸಿಗುವುದಕ್ಕೆ ವಾರಗಳೇ ಬೇಕಾಗುತ್ತವೆ, ನಾಲ್ಕನೆಯ ಬೆರಳು ಎಲ್ಲಕ್ಕಿಂತ ಹೆಚ್ಚು ಸತಾಯಿಸುತ್ತದೆ. ದಿನಕ್ಕೆ ಐದು ನಿಮಿಷ ಸಾಕು, ಆದರೆ ಆ ಐದು ನಿಮಿಷವೂ ಕಿವಿ ಎಚ್ಚರವಾಗಿರಬೇಕು.

ಎರಡನೆಯ ವ್ಯತ್ಯಾಸ ಇದಕ್ಕಿಂತ ಸೂಕ್ಷ್ಮವಾದದ್ದು, ನನ್ನ ಅಭಿಪ್ರಾಯದಲ್ಲಿ ಹೆಚ್ಚು ಮುಖ್ಯವಾದದ್ದು ಕೂಡ. ತಿದಿ ಆಡುತ್ತಿರುವಷ್ಟು ಹೊತ್ತು ಹಾರ್ಮೋನಿಯಂ ಸ್ವರ ನಿಂತಿರುತ್ತದೆ, ಬೇಕಾದರೆ ಬೆಳೆಯುತ್ತದೆ. ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸುತ್ತ ಹೋಗುತ್ತದೆ, ಮಂದ್ರದ ದಪ್ಪ ತಂತಿಗಳಲ್ಲಿ ನಿಧಾನವಾಗಿ, ತಾರದ ತೆಳು ತಂತಿಗಳಲ್ಲಿ ಬೇಗನೆ. ಇಂಥ ವಾದ್ಯದಲ್ಲಿ 'ಹಾಡುವುದು' ಎಂದರೆ, ಹಿಂದಿನ ಸ್ವರ ಎಷ್ಟು ಕುಗ್ಗಿದೆ ಎಂದು ಕೇಳಿಸಿಕೊಂಡು, ಮುಂದಿನ ಸ್ವರವನ್ನು ಆ ಉಳಿಕೆಗೆ ಹೊಂದುವ ಹಾಗೆ ಹುಟ್ಟಿಸುವುದು. ಮೂರು ಮಾತ್ರೆ ಹಿಡಿದ ದೀರ್ಘ ಸ್ವರವೊಂದು ಅರ್ಧಕ್ಕೆ ಕುಗ್ಗಿರುವಾಗ ಮುಂದಿನ ಸ್ವರವನ್ನು ಮೊದಲಿನಷ್ಟೇ ಜೋರಾಗಿ ನುಡಿಸಿದರೆ, ನೀವು ಒತ್ತು ಕೊಟ್ಟಿಲ್ಲದಿದ್ದರೂ ಕೇಳುವವರಿಗೆ ಅದು ಒತ್ತಿನಂತೆಯೇ ಕೇಳಿಸುತ್ತದೆ, ಎರಡು ಸ್ವರಗಳ ನಡುವಿನ ಬೆಸುಗೆ ಬಿಟ್ಟುಹೋಗುತ್ತದೆ. ಮಾವನವರು ಗುರುತಿಸಿದ್ದು ಇದನ್ನೇ.

ಇದನ್ನು ನಿಮ್ಮ ಪ್ರೆಲ್ಯೂಡ್‌ನಲ್ಲಿಯೇ ನೋಡೋಣ. ಶೋಪಾನ್‌ನ 28ನೆಯ ಓಪಸ್‌ನ (ಓಪಸ್ ಎಂದರೆ ಕೃತಿಸಂಖ್ಯೆ) 24 ಪ್ರೆಲ್ಯೂಡ್‌ಗಳಲ್ಲಿ ಇದು ನಾಲ್ಕನೆಯದು, ಪ್ರಕಟವಾದದ್ದು 1839ರಲ್ಲಿ. ಇಡೀ ಕೃತಿ 25 ಬಾರ್‌ಗಳಷ್ಟೇ (ಬಾರ್ ಎಂದರೆ ಎರಡು ಗೆರೆಗಳ ನಡುವಿನ ಒಂದು ತಾಳಖಂಡ). ಆರಂಭದ ಮೂರು ಬಾರ್‌ಗಳಲ್ಲಿ ಬಲಗೈ ಮಾಡುವುದು ಇಷ್ಟೇ: ಮೂರು ಮಾತ್ರೆಯ ಬಿ, ಒಂದು ಮಾತ್ರೆಯ ಸಿ, ಮತ್ತೆ ಬಿ, ಮತ್ತೆ ಸಿ. ಇ ಸ್ವರವನ್ನು ಷಡ್ಜವೆಂದು ಹಿಡಿದು ಹಾಡಿ ನೋಡಿ. ಪಂಚಮ, ಕೋಮಲ ಧೈವತ, ಪಂಚಮ, ಕೋಮಲ ಧೈವತ. ನಾಲ್ಕನೆಯ ಬಾರ್‌ನಲ್ಲಿ ಪಂಚಮದಿಂದ ತೀವ್ರ ಮಧ್ಯಮಕ್ಕೆ ಜಾರಿ, ಐದನೆಯದರಲ್ಲಿ ಶುದ್ಧ ಮಧ್ಯಮಕ್ಕೆ ಇಳಿಯುತ್ತದೆ. ಭೈರವ ರಾಗವನ್ನು ಕೇಳಿ ಬೆಳೆದವರಿಗೆ, ಕೋಮಲ ಧೈವತ ಪಂಚಮದ ಮೇಲೆ ಹೇಗೆ ಒರಗುತ್ತದೆ, ಎಷ್ಟು ಭಾರ ಹೊತ್ತು ಬಂದು ಎಷ್ಟು ಹಗುರಾಗಿ ಇಳಿಯುತ್ತದೆ ಎಂಬುದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಇದು ಭೈರವವಲ್ಲ, ಪಿಯಾನೊದಲ್ಲಿ ಸ್ವರವನ್ನು ತೂಗಾಡಿಸುವ ಆಂದೋಲನವೂ ಸಾಧ್ಯವಿಲ್ಲ. ಆದರೆ ಆ ಎರಡು ಸ್ವರಗಳ ನಡುವಿನ ಭಾರದ ಸಂಬಂಧ ಇಲ್ಲಿಯೂ ಅದೇ, ನಿಮ್ಮ ಕೊರಳಿಗೆ ಗೊತ್ತಿರುವ ಆ ಸಂಬಂಧವನ್ನೇ ಬೆರಳಿಗೆ ದಾಟಿಸಬೇಕು.

ದಾಟಿಸುವಾಗ ಸ್ವರದ ಕ್ಷೀಣತೆ ಎದುರಾಗುತ್ತದೆ. ಬಿ ಮೂರು ಮಾತ್ರೆ ಕಳೆದು ಕುಗ್ಗಿರುತ್ತದೆ. ಸಿ ಅದರ ಉಳಿಕೆಯೊಳಗಿಂದಲೇ ಹುಟ್ಟಿದಂತೆ, ಅದಕ್ಕಿಂತ ಕೂದಲೆಳೆಯಷ್ಟು ಮಾತ್ರ ಮೇಲೆ ಬರಬೇಕು. ಅದರ ಬೆನ್ನಿಗೆ ಬರುವ ಬಿ ಬಾರ್‌ನ ಮೊದಲ ಮಾತ್ರೆಯ ಮೇಲೆ ಬೀಳುವುದರಿಂದ ಕೈ ತಾನಾಗಿ ಅದಕ್ಕೆ ಒತ್ತು ಕೊಡಲು ಹೊರಡುತ್ತದೆ, ಅದನ್ನು ತಡೆದು ಸಿಗಿಂತ ಮೆಲ್ಲಗೆ ಇಳಿಸಬೇಕು. ಹೀಗೆ ಮಾಡಿದರೆ ನಿಟ್ಟುಸಿರಿನ ಆಕಾರ ಸಿಗುತ್ತದೆ, ಆದರೆ ಪ್ರತಿ ಸಲವೂ ಇಳಿಯುತ್ತ ಹೋದರೆ ನಾಲ್ಕನೆಯ ಬಾರ್ ಹೊತ್ತಿಗೆ ದನಿಯೇ ಉಳಿದಿರುವುದಿಲ್ಲ ಎಂಬ ಅಪಾಯವೂ ಇದೆ. ಇದಕ್ಕೆ ಎರಡು ದಾರಿಗಳಿವೆ. ಮೊದಲ ಬಿ ಸ್ವರವನ್ನು, ಸಂಜ್ಞೆ ಮೆಲ್ಲಗೆ ಎಂದಿದ್ದರೂ, ತುಸು ತುಂಬಿದ ದನಿಯಲ್ಲಿ ಆರಂಭಿಸಿ ಇಳಿಯಲು ಜಾಗ ಮಾಡಿಕೊಳ್ಳುವುದು ಒಂದು. ಪ್ರತಿ ಬಾರ್‌ನ ಬಿ ಸ್ವರವನ್ನು ಎಡಗೈಯ ಹೊಸ ಕಾರ್ಡ್‌ನ (ಒಟ್ಟಿಗೆ ನುಡಿಯುವ ಸ್ವರಗುಚ್ಛದ) ಬೆಂಬಲದಿಂದ ಸ್ವಲ್ಪ ಮೇಲೆತ್ತಿ, ಸಿ ಅದರ ನೆರಳಿನಂತೆ ಹಗುರಾಗಿ ಬರುವಂತೆ ಮಾಡುವುದು ಇನ್ನೊಂದು. ಎರಡನೆಯದು ಸುರಕ್ಷಿತ, ಆದರೆ ನಿಟ್ಟುಸಿರು ಸಿಗುವುದಿಲ್ಲ. ನಾನು ಮೊದಲನೆಯದನ್ನೇ ಆರಿಸುತ್ತೇನೆ. ನೀವು ಎರಡನ್ನೂ ನುಡಿಸಿ, ಕೇಳಿ, ನಿಮ್ಮ ಕಿವಿ ಒಪ್ಪಿದ್ದನ್ನು ಹಿಡಿಯಿರಿ.

ಈ ಪ್ರೆಲ್ಯೂಡ್‌ನಲ್ಲಿ ಭಾವದ ಅರ್ಧ ಭಾಗ ಎಡಗೈಯಲ್ಲಿದೆ, ಅದನ್ನು ಸಾಥ್ ಎಂದು ಬದಿಗಿಡುವವರೇ ಹೆಚ್ಚು. ಎಡಗೈಯ ಮೂರು ಸ್ವರಗಳ ಕಾರ್ಡ್‌ಗಳು ಬಾರ್‌ಗೆ ಎಂಟರಂತೆ ಬಡಿಯುತ್ತ ಹೋಗುತ್ತವೆ, ಆದರೆ ಅವುಗಳೊಳಗಿನ ಮೂರು ದನಿಗಳು ಒಂದು ಸಲ ಇದು, ಇನ್ನೊಂದು ಸಲ ಅದು ಎಂಬಂತೆ, ಹೆಚ್ಚಿನ ಕಡೆ ಅರ್ಧ ಸ್ವರದಷ್ಟು, ಕೆಳಗೆ ಜಾರುತ್ತಿರುತ್ತವೆ. ಬಲಗೈ ನಿಂತಲ್ಲೇ ನಿಂತಿದ್ದರೂ ಕೇಳುವವರ ಮನಸ್ಸು ಕುಸಿಯುವುದು ಈ ಜಾರುವಿಕೆಯಿಂದ. ಆದ್ದರಿಂದ ಕೆಲವು ದಿನ ಎಡಗೈಯನ್ನಷ್ಟೇ ಅಭ್ಯಾಸ ಮಾಡಿ: ಪುನರಾವರ್ತನೆಗಳನ್ನು ಬಿಟ್ಟು, ಕಾರ್ಡ್ ಬದಲಾದಾಗ ಮಾತ್ರ ಒಮ್ಮೆ ನುಡಿಸಿ, ಯಾವ ಬೆರಳಿನ ಸ್ವರ ಕೆಳಗಿಳಿಯಿತೋ ಅದನ್ನು ಮಾತ್ರ ಉಳಿದೆರಡಕ್ಕಿಂತ ಸ್ವಲ್ಪ ಎತ್ತಿ ಕೇಳಿಸಿ. ಆಮೇಲೆ ಪುನರಾವರ್ತನೆಗಳನ್ನು ಸೇರಿಸಿಕೊಳ್ಳುವಾಗ ಕೀಯನ್ನು ಪೂರ್ತಿ ಮೇಲಕ್ಕೆ ಬಿಡದೆ, ಅರ್ಧದಿಂದಲೇ ಮತ್ತೆ ಇಳಿಸಿ ನುಡಿಸಿ. ಹೀಗೆ ಮರಳಿ ನುಡಿಸಲು ಅನುವು ಮಾಡುವ ಯಂತ್ರಕ್ಕೆ ಪ್ಯಾರಿಸಿನ ಸೆಬಾಸ್ಟಿಯನ್ ಎರಾರ್ 1821ರಲ್ಲಿ ಪೇಟೆಂಟ್ ಪಡೆದಿದ್ದರು. ಗ್ರ್ಯಾಂಡ್ ಪಿಯಾನೊಗಳಲ್ಲಿ ಅದು ಇಂದಿಗೂ ಇದೆ, ಇತ್ತೀಚಿನ ಹಲವು ಡಿಜಿಟಲ್ ಪಿಯಾನೊಗಳು ಕೀಯ ಕೆಳಗೆ ಮೂರು ಸೆನ್ಸರ್‌ಗಳನ್ನಿಟ್ಟು ಅದನ್ನು ಅನುಕರಿಸುತ್ತವೆ. ಕೃತಿಯ ತಾಳಸಂಜ್ಞೆಯನ್ನೂ ಗಮನಿಸಿ. ಶೋಪಾನ್ ಬರೆದದ್ದು ಬಾರ್‌ಗೆ ಎರಡೇ ದೊಡ್ಡ ಮಾತ್ರೆಗಳ ಗತಿ. ಎಂಟು ಬಡಿತಗಳನ್ನು ಎಂಟಾಗಿ ಎಣಿಸಿದರೆ ಗಡಿಯಾರದ ಸದ್ದಾಗುತ್ತದೆ, ನಾಲ್ಕು ನಾಲ್ಕರ ಎರಡು ಅಲೆಗಳಾಗಿ ತೆಗೆದುಕೊಂಡರೆ ಸಾಲು ತಾನೇ ಮುಂದೆ ಹರಿಯತೊಡಗುತ್ತದೆ.

ಇನ್ನು ಫ್ರೇಸ್ ವಿಷಯ. ಫ್ರೇಸ್ ಎಂದರೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಾದ ಸ್ವರವಾಕ್ಯ. ಅದರ ಆರಂಭ, ಅದು ಸಾಗುವ ಗುರಿ, ಅದರ ಇಳಿತ ಈ ಮೂರನ್ನೂ ನುಡಿಸುವ ಮುಂಚೆಯೇ ನಿರ್ಧರಿಸಿರಬೇಕು. ಬಾರ್ ಗೆರೆಗಳು ಫ್ರೇಸ್‌ನ ಗಡಿಗಳಲ್ಲ. ಭಾಮಿನಿ ಷಟ್ಪದಿಯಲ್ಲಿ ಮೂರು ನಾಲ್ಕು ಮಾತ್ರೆಗಳ ಗಣಗಳು ಕಟ್ಟುನಿಟ್ಟಾಗಿ ಸಾಗುತ್ತಿದ್ದರೂ ಗಮಕಿಗಳು ಗಣಕ್ಕೊಮ್ಮೆ ನಿಲ್ಲದೆ ಅರ್ಥ ಎಲ್ಲಿ ಕೂಡುತ್ತದೋ ಅಲ್ಲಿ ಪದಗಳನ್ನು ಬಿಡಿಸಿ ಓದುತ್ತಾರಲ್ಲ, ಬಾರ್‌ಗೂ ಫ್ರೇಸ್‌ಗೂ ಇರುವ ಸಂಬಂಧ ಅಂಥದು. ಗಣವನ್ನು ಮೀರುವಂತಿಲ್ಲ, ಗಣಕ್ಕೆ ಅಂಟಿಕೊಂಡರೆ ಅರ್ಥ ಒಡೆಯುತ್ತದೆ.

ನಿಮ್ಮ ಜಿ ಮೇಜರ್ ಮಿನುಯೆಟ್ ಇದಕ್ಕೆ ಒಳ್ಳೆಯ ಪಾಠ. ಇದು ಬಾಖ್ ತನ್ನ ಹೆಂಡತಿ ಆನಾ ಮಗ್ಡಲೇನಾಳಿಗಾಗಿ 1725ರಲ್ಲಿ ಆರಂಭಿಸಿದ ಸಂಗೀತ ಪುಸ್ತಕದಲ್ಲಿದ್ದುದರಿಂದ ಬಹುಕಾಲ ಬಾಖ್‌ನದೇ ಎಂದು ತಿಳಿಯಲಾಗಿತ್ತು. ರಚನೆ ಕ್ರಿಸ್ಟಿಯನ್ ಪೆಟ್ಸೋಲ್ಡ್ ಎಂಬ ಡ್ರೆಸ್ಡೆನ್‌ನ ಆರ್ಗನ್ ವಾದಕನದು ಎಂದು ವಿದ್ವಾಂಸರು ಆಮೇಲೆ ಗುರುತಿಸಿದರು. ಮೊದಲ ಬಾರ್ ಡಿ ಇಂದ ಕೆಳಗಿನ ಜಿಗೆ ಹೋಗಿ, ಜಿ, ಎ, ಬಿ, ಸಿ ಎಂದು ಮೆಟ್ಟಿಲೇರುತ್ತದೆ, ಎರಡನೆಯ ಬಾರ್‌ನ ಡಿ ಮೇಲೆ ಬಂದು ನಿಲ್ಲುತ್ತದೆ, ಆಮೇಲೆ ಜಿ, ಜಿ ಎಂದು ಎರಡು ಬಾರಿ ನುಡಿಯುತ್ತದೆ. ಗುರಿ ಇರುವುದು ಎರಡನೆಯ ಬಾರ್‌ನ ಡಿಯಲ್ಲಿ. ಹಾರ್ಮೋನಿಯಂ ಬೆರಳು ಆ ಎರಡು ಜಿಗಳನ್ನೂ ಡಿಯಷ್ಟೇ ಗಟ್ಟಿಯಾಗಿ ಒತ್ತುವುದರಿಂದ ಪ್ರತಿ ಎರಡು ಬಾರ್‌ಗೊಮ್ಮೆ ನಡೆ ಎಡವುತ್ತದೆ. ಅವನ್ನು ಹಗುರಾಗಿಸಿ, ಎರಡನೆಯದನ್ನು ಇನ್ನೂ ಹಗುರಾಗಿಸಿ. ಮೂರನೆಯ ಬಾರ್ ಇದೇ ಆಕಾರವನ್ನು ಒಂದು ಮೆಟ್ಟಿಲು ಮೇಲಿನ ಇ ಇಂದ ಆರಂಭಿಸುತ್ತದೆ, ಆದ್ದರಿಂದ ಅದು ಮೊದಲನೆಯದಕ್ಕಿಂತ ಸ್ವಲ್ಪ ಹೆಚ್ಚು ಕೇಳಲಿ. ಐದನೆಯ ಬಾರ್‌ನಿಂದ ಸಾಲು ಇಳಿಯತೊಡಗಿ ಎಂಟನೆಯದರಲ್ಲಿ ಪೂರ್ಣವಿರಾಮವಲ್ಲದ, ಮುಂದೇನೋ ಇದೆ ಎನ್ನುವ ನಿಲುಗಡೆಗೆ ಬರುತ್ತದೆ. ಅಂದರೆ ಎರಡು ಬಾರ್, ಎರಡು ಬಾರ್, ಆಮೇಲೆ ನಾಲ್ಕು ಬಾರ್‌ಗಳ ಒಂದು ಉದ್ದ ಉಸಿರು. ಆ ಕೊನೆಯ ನಾಲ್ಕನ್ನು ಒಡೆಯದೆ ಒಂದೇ ಉಸಿರಿನಲ್ಲಿ ಹಾಡಿ, ಆಮೇಲೆ ನುಡಿಸಿ. ಮಾವನವರನ್ನೇ ಕೂರಿಸಿಕೊಂಡು ಎರಡೂ ಬಗೆಯಲ್ಲಿ ಕೇಳಿಸಿ, ಅವರ ಕಿವಿ ಸೂಕ್ಷ್ಮವಾಗಿದೆ.

ಮುದ್ರಿತ ಪ್ರತಿಗಳಲ್ಲಿ ಕಾಣುವ ಜೋರು, ಮೆಲ್ಲಗೆ ಎಂಬ ಸಂಜ್ಞೆಗಳನ್ನೂ ಬಾಗಿದ ಸ್ಲರ್ ಗೆರೆಗಳನ್ನೂ ಕುರಿತು ಒಂದು ಎಚ್ಚರಿಕೆ. ಈ ಮಿನುಯೆಟ್‌ಗೆ ಹಾಕಿರುವ ಅಂಥ ಸಂಜ್ಞೆಗಳು ಬಹುಪಾಲು ನಂತರದ ಸಂಪಾದಕರವು. ಮೊಜಾರ್ಟ್, ಬೀಥೊವೆನ್‌ರಲ್ಲಿ ಸಂಜ್ಞೆಗಳು ಅವರವೇ ಆಗಿದ್ದರೂ ಚಿಕ್ಕ ಸ್ಲರ್‌ಗಳು ಇಡೀ ಫ್ರೇಸ್ ಎಲ್ಲಿಂದ ಎಲ್ಲಿಗೆ ಎಂದು ಹೇಳುವುದಿಲ್ಲ, ಪಿಟೀಲಿನ ಬಿಲ್ಲಿನ ಎಳೆತದಂತೆ ಯಾವ ಸ್ವರಗಳನ್ನು ಕೂಡಿಸಬೇಕು ಎಂದಷ್ಟೇ ಹೇಳುತ್ತವೆ. ಪ್ರತಿ ಸ್ಲರ್ ಮುಗಿದಲ್ಲೂ ಉಸಿರು ಬಿಟ್ಟರೆ ವಾಕ್ಯ ತುಂಡಾಗುತ್ತದೆ. ಎರಡು ಸ್ವರಗಳ ಸ್ಲರ್ ಬಂದಾಗ ಮೊದಲನೆಯದಕ್ಕೆ ಮಣಿಕಟ್ಟನ್ನು ಸ್ವಲ್ಪ ಇಳಿಸಿ, ಎರಡನೆಯದಕ್ಕೆ ಎತ್ತುತ್ತ ಬಿಡುವುದು ಒಳ್ಳೆಯ ಅಭ್ಯಾಸ. ಮಣಿಕಟ್ಟು ಬಿಗಿಯಾಗಿದ್ದರೆ ಮೆಲ್ಲಗಿನ ದನಿಯ ಮೇಲೆ ಹಿಡಿತ ಬರುವುದಿಲ್ಲ. ಮೈಯನ್ನು ತೂಗುವುದರಿಂದ ಮಾತ್ರ ದನಿಗೆ ಏನೂ ಆಗುವುದಿಲ್ಲ. ಮೊಣಕೈಯಲ್ಲಿಯೋ ಮುಂಗೈಯಲ್ಲಿಯೋ ನೋವು ಕಾಣಿಸಿದರೆ ಆ ದಿನದ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಬೇಕು.

ಲಯವನ್ನು ಹಿಗ್ಗಿಸಿ ಕುಗ್ಗಿಸುವ ರುಬಾಟೊ ಎಂಬುದು ಭಾವಕ್ಕೆ ಸುಲಭದ ದಾರಿಯೆಂದು ಹಲವರು ನಂಬುತ್ತಾರೆ. ಫ್ರೇಸ್ ಮುಗಿದಲ್ಲೆಲ್ಲ ನಿಧಾನಿಸುವುದು ರುಬಾಟೊ ಅಲ್ಲ, ಅದನ್ನು ಕೇಳುತ್ತ ಕೂತವರಿಗೆ ಸ್ವಲ್ಪ ಹೊತ್ತಿಗೆ ತಲೆ ಸುತ್ತುತ್ತದೆ. ಮೊಜಾರ್ಟ್ 1777ರ ಅಕ್ಟೋಬರ್‌ನಲ್ಲಿ ತಂದೆಗೆ ಬರೆದ ಪತ್ರದಲ್ಲಿ, ನಿಧಾನಗತಿಯ ರುಬಾಟೊದಲ್ಲಿಯೂ ತನ್ನ ಎಡಗೈ ಲಯ ಬಿಡುವುದಿಲ್ಲವೆಂಬುದು ಜನರಿಗೆ ಅರ್ಥವಾಗುವುದಿಲ್ಲ ಎಂದು ಹೇಳಿದ್ದಾನೆ. ಶೋಪಾನ್ ತನ್ನ ಶಿಷ್ಯರಿಗೆ ಹೇಳುತ್ತಿದ್ದುದೂ ಇದೇ ಅರ್ಥದ ಮಾತು. ತಬಲದ ಠೇಕಾ ನಿಂತಲ್ಲಿಯೇ ಇದ್ದು ಗಾಯಕರು ಅದರ ಮೇಲೆ ಹಿಂದೆ ಮುಂದೆ ಆಡುವುದನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಸಲಹೆ: ದನಿಯ ಏರಿಳಿತ ಕೈಗೆ ಬರುವವರೆಗೆ ಪ್ರೆಲ್ಯೂಡ್ ಅನ್ನು ಲಯ ಅಲುಗಾಡಿಸದೆ ನುಡಿಸಿ. 16ನೆಯ ಬಾರ್‌ನ ಸುತ್ತ ಶೋಪಾನ್ ತಾನೇ 'ಸ್ಟ್ರೆಟ್ಟೊ' ಎಂದು ಬರೆದು ಮುನ್ನುಗ್ಗಲು ಹೇಳಿದ್ದಾನೆ. ಅಲ್ಲಿಯವರೆಗೆ ಗತಿ ಸ್ಥಿರವಾಗಿದ್ದರೆ ಮಾತ್ರ ಆ ಮುನ್ನುಗ್ಗುವಿಕೆಗೆ ಅರ್ಥ ಬರುತ್ತದೆ.

ಕಾಲಿನಿಂದ ಒತ್ತಿ ಸ್ವರಗಳನ್ನು ಉಳಿಸುವ ಪೆಡಲ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಬೆರಳಿನಿಂದ ಕೂಡಿಸಲಾಗದ್ದನ್ನು ಪೆಡಲ್‌ನಿಂದ ಮುಚ್ಚಬೇಡಿ, ಕಾರ್ಡ್ ನುಡಿದ ಮೇಲೆ ಪೆಡಲ್ ಒತ್ತಿ, ಮುಂದಿನ ಕಾರ್ಡ್ ನುಡಿಯುವ ಕ್ಷಣದಲ್ಲಿ ಬಿಡಿ. ಅರ್ಧ ಸ್ವರದಷ್ಟು ಜಾರುವ ಕಾರ್ಡ್‌ಗಳು ಪೆಡಲ್‌ನಲ್ಲಿ ಕಲೆತರೆ ಪ್ರೆಲ್ಯೂಡ್‌ನ ಸಾರವೇ ಕಲಸಿಹೋಗುತ್ತದೆ.

ಧ್ವನಿಮುದ್ರಣಗಳನ್ನು ಕೇಳಬಾರದು ಎಂದು ಕೆಲವು ಗುರುಗಳು ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಗುರುವಿನ ಕೊರಳನ್ನು ಕೇಳಿ ಕಲಿಯುವ ಪರಂಪರೆಯಲ್ಲಿ ಬೆಳೆದವರಿಗೆ ಅದು ಅಸಹಜವೂ ಹೌದು. ಆದರೆ ಒಬ್ಬರೇ ಕಲಾವಿದರನ್ನು ಪದೇಪದೇ ಕೇಳಿ ಅನುಕರಿಸಿದರೆ ಅವರ ನಿಲುಗಡೆಗಳು ನಿಮಗೆ ಬರುತ್ತವೆ, ಅವುಗಳ ಹಿಂದಿನ ಕಾರಣ ಬರುವುದಿಲ್ಲ. ಒಂದೇ ಕೃತಿಯನ್ನು ಮೂವರು ನುಡಿಸಿದ್ದನ್ನು, ಮುದ್ರಿತ ಪ್ರತಿಯನ್ನು ಮುಂದಿಟ್ಟುಕೊಂಡು, ಪೆನ್ಸಿಲ್ ಹಿಡಿದು ಕೇಳಿ. ಎಲ್ಲಿ ಮೂವರೂ ಒಂದೇ ಸ್ವರದತ್ತ ಸಾಗುತ್ತಾರೋ ಅಲ್ಲಿ ಕೃತಿಯೇ ಹಾಗೆ ಕೇಳುತ್ತಿದೆ ಎಂದು ತಿಳಿಯಬಹುದು. ಎಲ್ಲಿ ಮೂವರೂ ಬೇರೆಯಾಗುತ್ತಾರೋ ಅಲ್ಲಿ ಆಯ್ಕೆ ನಿಮ್ಮದು.

ಈಗ ವಾದ್ಯ. 88 ಕೀಗಳ, ತೂಕವಿರುವ ಕೀಗಳ ಡಿಜಿಟಲ್ ಪಿಯಾನೊ ಕೀ ಇಳಿದ ವೇಗವನ್ನು 1ರಿಂದ 127ರವರೆಗಿನ ಮಟ್ಟಗಳಲ್ಲಿ ಅಳೆಯುತ್ತದೆ. ನೀವೀಗ ಕಲಿಯಬೇಕಾದ್ದಕ್ಕೆ ಅಷ್ಟು ಧಾರಾಳವಾಗಿ ಸಾಕು. ಮೊದಲು ಅದರ 'ಟಚ್' ಎಂಬ ಸೆಟ್ಟಿಂಗ್ ನೋಡಿ. ಮಗಳಿಗೆ ಸುಲಭವಾಗಲೆಂದು ಯಾರಾದರೂ ಅದನ್ನು 'ಲೈಟ್' ಅಥವಾ 'ಫಿಕ್ಸ್ಡ್' ಎಂದು ಇಟ್ಟಿದ್ದರೆ ಮಧ್ಯಮ ಮಟ್ಟಕ್ಕೆ ತನ್ನಿ. ಫಿಕ್ಸ್ಡ್‌ನಲ್ಲಿ ಎಲ್ಲ ಸ್ವರಗಳೂ ಒಂದೇ ಜೋರಿನಲ್ಲಿ ಬರುತ್ತವೆ, ವಾದ್ಯ ಅಕ್ಷರಶಃ ಹಾರ್ಮೋನಿಯಂ ಆಗಿರುತ್ತದೆ. ದನಿಯ ಮಟ್ಟವನ್ನು ತೀರ ತಗ್ಗಿಸಿ ಅಭ್ಯಾಸ ಮಾಡುವುದೂ ತೊಂದರೆಯೇ, ಏಕೆಂದರೆ ಕೇಳಿಸಲೆಂದು ನೀವು ಎಲ್ಲವನ್ನೂ ಗಟ್ಟಿಯಾಗಿ ಒತ್ತತೊಡಗುತ್ತೀರಿ. ಮನೆಯವರಿಗೆ ತೊಂದರೆಯಾಗುವ ಹೊತ್ತಿನಲ್ಲಿ ಒಳ್ಳೆಯ ಹೆಡ್‌ಫೋನ್ ಬಳಸಿ.

ನಿಜವಾದ ತಂತಿಗಳಿರುವ ಅಕೂಸ್ಟಿಕ್ ಪಿಯಾನೊ ಕೊಳ್ಳುವ ಆಸೆ ಸಹಜ, ಗೋವಾದ ಹಳೆಯ ಮನೆಗಳಿಂದ ಮಾರಾಟಕ್ಕೆ ಬರುವ ಅಪ್‌ರೈಟ್‌ಗಳ (ನೆಟ್ಟಗೆ ನಿಲ್ಲುವ ಪಿಯಾನೊಗಳ) ಬೆಲೆ ಆಕರ್ಷಕವಾಗಿಯೂ ಕಾಣುತ್ತದೆ. ಆದರೆ ನಮ್ಮ ಕರಾವಳಿಯ ಹವೆ ಈ ವಾದ್ಯಕ್ಕೆ ಕಠಿಣವಾದದ್ದು. ಪಿಯಾನೊದೊಳಗೆ ಸುಮಾರು 230 ತಂತಿಗಳು ಒಟ್ಟು 15 ಟನ್ನಿಗೂ ಮೀರಿದ ಬಿಗಿತದಲ್ಲಿರುತ್ತವೆ, ಅವು ಮರದ ತೆಳು ಧ್ವನಿಫಲಕವೊಂದರ ಮೇಲೆ ಒರಗಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಆ ಫಲಕ ಉಬ್ಬಿ ಶ್ರುತಿ ಏರುತ್ತದೆ, ಬೇಸಿಗೆಗೆ ಇಳಿಯುತ್ತದೆ. ಕೀಗಳ ಫೆಲ್ಟ್ ಉಬ್ಬಿ ಕೀ ಸಿಕ್ಕಿಕೊಳ್ಳುತ್ತದೆ, ಸಮುದ್ರದ ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ. ಈ ವಾದ್ಯಕ್ಕೆ ಹಿತವೆನಿಸುವ ಆರ್ದ್ರತೆ ಶೇಕಡ 50ರ ಆಸುಪಾಸು, ನಮ್ಮ ಮಳೆಗಾಲದಲ್ಲಿ ಅದು 80 ದಾಟುವುದು ಸಾಮಾನ್ಯ. ಡಿಹ್ಯೂಮಿಡಿಫೈಯರ್ ಇಡಬಹುದು, ಆದರೆ ಮಳೆಗಾಲದಲ್ಲಿ ಕರೆಂಟ್ ಎಷ್ಟು ನೆಚ್ಚಬಹುದು ಎಂಬುದು ನಿಮಗೇ ಗೊತ್ತು. ಜೊತೆಗೆ ಶ್ರುತಿ ಮಾಡುವವರನ್ನು ದೂರದಿಂದ ವರ್ಷಕ್ಕೆರಡು ಸಲವಾದರೂ ಕರೆಸಬೇಕಾಗುತ್ತದೆ. ಕೀ ಸಿಕ್ಕಿಕೊಳ್ಳುವ, ಶ್ರುತಿ ತಪ್ಪಿದ ಅಕೂಸ್ಟಿಕ್ ಪಿಯಾನೊಕ್ಕಿಂತ ಸರಿಯಾಗಿರುವ ಡಿಜಿಟಲ್ ಪಿಯಾನೊ ನಿಮ್ಮ ಕಿವಿಗೂ ಬೆರಳಿಗೂ ಹೆಚ್ಚು ಕಲಿಸುತ್ತದೆ. ಕೊಳ್ಳಲೇಬೇಕೆಂದಿದ್ದರೆ ಮಳೆಗಾಲದ ನಡುವೆ ಹೋಗಿ ನೋಡಿ, ಬೇಸಿಗೆಯಲ್ಲಿ ಎಲ್ಲ ಪಿಯಾನೊಗಳೂ ಚೆನ್ನಾಗಿಯೇ ಇರುತ್ತವೆ. ಅದಕ್ಕಿಂತ, ಗೋವಾಕ್ಕೋ ಬೆಂಗಳೂರಿಗೋ ಹೋದಾಗ ಒಳ್ಳೆಯ ಅಕೂಸ್ಟಿಕ್ ಪಿಯಾನೊದ ಮೇಲೆ ಒಂದು ಗಂಟೆ ನುಡಿಸಲು ಅವಕಾಶ ಕೇಳಿಕೊಳ್ಳುವುದು ಸದ್ಯಕ್ಕೆ ಉತ್ತಮ. ಕುಗ್ಗುತ್ತಿರುವ ಸ್ವರವನ್ನು ಹತ್ತಿರದಿಂದ ಒಮ್ಮೆ ಕೇಳಿದರೆ, ಮನೆಯ ಡಿಜಿಟಲ್ ಪಿಯಾನೊದಲ್ಲಿ ಏನನ್ನು ಹುಡುಕಬೇಕೆಂದು ತಿಳಿಯುತ್ತದೆ.

ಅಭ್ಯಾಸವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳುವುದು ಅಗತ್ಯ. ಆದರೆ ಹಲವು ಫೋನ್‌ಗಳು ಮಾತಿಗೆ ಅನುಕೂಲವಾಗಲೆಂದು ಮೆಲ್ಲಗಿನದನ್ನು ಎತ್ತಿ ಜೋರಿನದನ್ನು ತಗ್ಗಿಸಿಬಿಡುತ್ತವೆ. ನೀವು ಶ್ರಮಪಟ್ಟು ಮಾಡಿದ ಏರಿಳಿತ ಅದರಲ್ಲಿ ಚಪ್ಪಟೆಯಾಗಿ ಕೇಳಿಸಿ ವೃಥಾ ನಿರಾಶೆಯಾಗುತ್ತದೆ. ಆನ್‌ಲೈನ್ ಪಾಠದಲ್ಲಿ ನಿಮ್ಮ ಗುರುಗಳಿಗೂ ಹೀಗೆಯೇ ಕೇಳಿಸುತ್ತಿರಬಹುದು. ಆ್ಯಪ್‌ನಲ್ಲಿ ದನಿಯನ್ನು ತಾನಾಗಿ ತಿದ್ದುವ ಸೌಲಭ್ಯವಿದ್ದರೆ ಅದನ್ನು ನಿಲ್ಲಿಸಿ. 'ಭಾವಿಸಿ ನುಡಿಸಿ' ಎಂದಾಗ, 'ಈ ಸಾಲು ಯಾವ ಸ್ವರದತ್ತ ಹೋಗಬೇಕು, ಯಾವ ಸ್ವರ ಹಗುರಾಗಬೇಕು' ಎಂದು ಬೆರಳಿಟ್ಟು ಕೇಳಿ. ಗುರುಗಳಿಗೆ ಉತ್ತರ ಗೊತ್ತಿರುತ್ತದೆ, ಅವರ ಕೈಗೆ ಅದು ಎಷ್ಟು ಸಹಜವಾಗಿರುತ್ತದೆ ಎಂದರೆ ಕೇಳದೆ ಹೇಳಲು ತೋಚುವುದಿಲ್ಲ.

ಪ್ರೆಲ್ಯೂಡ್ ಅನ್ನು ಪೂರ್ತಿ ಬಿಡಬೇಕಾಗಿಲ್ಲ, ಮೊದಲ ಎಂಟು ಬಾರ್‌ಗಳನ್ನಷ್ಟೇ ಇಟ್ಟುಕೊಳ್ಳಿ. ಅದರ ಜೊತೆಗೆ ಬುರ್ಗ್‌ಮ್ಯುಲರ್‌ನ 100ನೆಯ ಓಪಸ್‌ನ 25 ಪುಟ್ಟ ಅಭ್ಯಾಸಕೃತಿಗಳಿಂದ, ಶೂಮನ್ 1848ರಲ್ಲಿ ಎಳೆಯರಿಗಾಗಿ ಬರೆದ 68ನೆಯ ಓಪಸ್‌ನಿಂದ ಒಂದೊಂದನ್ನು ಆರಿಸಿಕೊಳ್ಳಿ. ಸ್ವರಗಳು ಸುಲಭವಾಗಿರುವುದರಿಂದ ಗಮನವೆಲ್ಲ ದನಿಯ ಮೇಲೆ ಇಡಲು ಸಾಧ್ಯವಾಗುತ್ತದೆ. ಮುಂದಿನ ಪರೀಕ್ಷೆಗೆ ಅವಸರ ಮಾಡಬೇಡಿ, ಗಾಯನಕ್ಕೆ ಸಾಥ್ ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ.